ಲೋಹದೊಳಗಿನ ಹೈಡ್ರೋಜನ್, ಲೋಹಕ್ಕೆ ಪ್ಲಾಸ್ಟಿಕ್ ಕಾವಲು

ರಾಯಚೂರಿನ ಶಕ್ತಿನಗರಕ್ಕೆ ಹೈಡ್ರೋಜನ್ ಹೊಸದಲ್ಲ. ಅಲ್ಲಿನ ಶಾಖೋತ್ಪನ್ನ ಸ್ಥಾವರದ 210 ಮೆಗಾವಾಟ್ ಜನರೇಟರುಗಳಲ್ಲಿ ರೋಟರನ್ನು ತಂಪಾಗಿಡುವುದು ಗಾಳಿಯಲ್ಲ, ಈ ಅನಿಲವೇ. ಗಾಳಿಗಿಂತ 14 ಪಟ್ಟು ಹಗುರವಾದ್ದರಿಂದ ತಿರುಗುವ ರೋಟರಿಗೆ ಅಡ್ಡಿ ಕಡಿಮೆ. ಶಾಖ ಸಾಗಿಸುವುದರಲ್ಲಿ ಗಾಳಿಗಿಂತ ಸುಮಾರು 7 ಪಟ್ಟು ಮೇಲು. ಇಂಥ ಕಡೆಗೆ ಬರುವ ಕೆಂಪು ಬಣ್ಣದ, ಉಲ್ಟಾ ಥ್ರೆಡ್‌ನ ಸಿಲಿಂಡರನ್ನು ಒಮ್ಮೆ ಎತ್ತಲು ಹೋದರೆ ತೊಂದರೆ ಏನೆಂದು ಕೈಗೇ ಗೊತ್ತಾಗುತ್ತದೆ. 47 ಲೀಟರ್ ಹಿಡಿಯುವ ಆ ಉಕ್ಕಿನ ಸಿಲಿಂಡರ್ 50 ಕಿಲೋಗಿಂತ ಹೆಚ್ಚು ತೂಗುತ್ತದೆ. 150 ಬಾರ್ ಒತ್ತಡದಲ್ಲಿ, ಅಂದರೆ ಸುತ್ತಲ ಗಾಳಿಯ ಒತ್ತಡದ ಸುಮಾರು 150 ಪಟ್ಟಿನಲ್ಲಿ, ತುಂಬಿದರೂ ಒಳಗಿರುವ ಹೈಡ್ರೋಜನ್ ಅರ್ಧ ಕಿಲೋ ಆಸುಪಾಸು. ನೂರು ಕಿಲೋ ಹೊತ್ತರೆ ಒಂದು ಕಿಲೋ ಮಾಲು!

ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ಹೈಡ್ರೋಜನ್ನನ್ನು ಹುಟ್ಟಿದ ಜಾಗದಿಂದ ಪೈಪಿನಲ್ಲೇ ಕುಲುಮೆಗೆ ಕೊಡಬಹುದು, ಕೂಡಿಡುವ ಗೊಡವೆ ಕಡಿಮೆ. ಕೊಪ್ಪಳ ಜಿಲ್ಲೆಯ ಗಾಳಿಯಂತ್ರ, ಸೌರಫಲಕಗಳ ಮಾತು ಬೇರೆ. ಮಧ್ಯಾಹ್ನದ ಹೆಚ್ಚುವರಿ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ರಾತ್ರಿ ಫ್ಯುಯೆಲ್ ಸೆಲ್‌ನಲ್ಲಿ ಅದನ್ನೇ ಮತ್ತೆ ಕರೆಂಟು ಮಾಡಿಕೊಳ್ಳಬೇಕೆಂದರೆ ನಡುವಿನ ಎಂಟು ಹತ್ತು ತಾಸು ಅದನ್ನು ಎಲ್ಲಿಡಬೇಕು? ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಹಸಿರು ಹೈಡ್ರೋಜನ್ ಯೋಜನೆ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟುಕೊಂಡಿದೆ. ಮಾಡುವುದರ ಬಗ್ಗೆ ನಡೆಯುವಷ್ಟು ಚರ್ಚೆ ಇಡುವುದರ ಬಗ್ಗೆ ನಡೆಯುವುದಿಲ್ಲ.

ಸಾಮಾನ್ಯ ಉಷ್ಣತೆ, ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 12 ಘನ ಮೀಟರ್ ಜಾಗ ಬೇಕು, ಅಂದರೆ ಒಂದು ಸಣ್ಣ ಕೋಣೆ. 700 ಬಾರ್‌ಗೆ ಒತ್ತಿದರೆ ಲೀಟರಿಗೆ 40 ಗ್ರಾಂ. ಮೈನಸ್ 253 ಡಿಗ್ರಿಗೆ ತಣ್ಣಗೆ ಮಾಡಿ ದ್ರವವಾಗಿಸಿದರೆ ಲೀಟರಿಗೆ 71 ಗ್ರಾಂ. ಮೆಗ್ನೀಸಿಯಂ ಲೋಹ ಹೈಡ್ರೋಜನ್ನನ್ನು ನುಂಗಿ ಆಗುವ ಮೆಗ್ನೀಸಿಯಂ ಹೈಡ್ರೈಡ್ ಎಂಬ ಬೂದುಬಣ್ಣದ ಪುಡಿಯ ಒಂದು ಲೀಟರಿನಷ್ಟು ಘನದಲ್ಲಿ ಸುಮಾರು 110 ಗ್ರಾಂ ಹೈಡ್ರೋಜನ್ ಇರುತ್ತದೆ. ದ್ರವ ಹೈಡ್ರೋಜನ್ನಿಗಿಂತಲೂ ಒತ್ತಾಗಿ, ಅದೂ ಒತ್ತಡವಿಲ್ಲದೆ, ಮನೆಯ ಉಷ್ಣತೆಯಲ್ಲಿ.

ಹಗೇವಿನ ಲೆಕ್ಕ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳ ಇಡುತ್ತಿದ್ದ ಹಗೇವು ಗೊತ್ತಿದ್ದವರಿಗೆ ಹೈಡ್ರೈಡ್ ಅರ್ಥ ಮಾಡಿಕೊಳ್ಳುವುದು ಸುಲಭ. ನೆಲದಲ್ಲಿ ತೋಡಿದ ಗುಂಡಿ, ಸುತ್ತ ಹುಲ್ಲಿನ ಹಾಸು, ಬಾಯಿಗೆ ಚಪ್ಪಡಿ, ಮೇಲೆ ಮಣ್ಣಿನ ಮೆತ್ತಿಗೆ. ಕಾಳನ್ನು ಹಿಡಿದಿಡುವುದು ಗುಂಡಿ. ಹುಲ್ಲು ಒಂದು ಕಾಳನ್ನೂ ಹೆಚ್ಚು ಹಿಡಿಸುವುದಿಲ್ಲ, ಬದಲಿಗೆ ತಾನೇ ಒಂದಿಷ್ಟು ಜಾಗ ತಿನ್ನುತ್ತದೆ. ಆದರೆ ಹುಲ್ಲಿಲ್ಲದಿದ್ದರೆ ಗೋಡೆಯ ತೇವಕ್ಕೆ ಸುತ್ತಲಿನ ಕಾಳು ಮುಗ್ಗುತ್ತದೆ. ಈ ಲೇಖನದಲ್ಲಿ ಲೋಹವೇ ಗುಂಡಿ, ಪಾಲಿಮರ್ (ಅಂದರೆ ಪ್ಲಾಸ್ಟಿಕ್) ಹುಲ್ಲು. ಪಾಲಿಮರಿನಿಂದ ಹುಲ್ಲಿನ ಕೆಲಸಕ್ಕಿಂತ ಹೆಚ್ಚಿನದನ್ನು ಬಯಸಿದ ಕಡೆಯೆಲ್ಲ ಲೆಕ್ಕ ತಪ್ಪಿದೆ.

ಕೆಲವು ಲೋಹಗಳು ಹೈಡ್ರೋಜನ್ನನ್ನು ನುಂಗುತ್ತವೆ ಎಂಬುದು 1866ರಲ್ಲೇ ಥಾಮಸ್ ಗ್ರಹಾಂ ಪಲ್ಲೇಡಿಯಂನಲ್ಲಿ ಕಂಡ ಸಂಗತಿ. ಪಲ್ಲೇಡಿಯಂ ತನ್ನ ಗಾತ್ರದ 900 ಪಟ್ಟು ಅನಿಲ ಹೀರುತ್ತದೆ, ಆದರೆ ಬಹಳ ದುಬಾರಿ. 1970ರ ಹೊತ್ತಿಗೆ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಲ್ಯಾಂಥನಂ-ನಿಕ್ಕಲ್ ಮಿಶ್ರಲೋಹ ಬಂತು, ಒಂದು ಲ್ಯಾಂಥನಂ ಪರಮಾಣುವಿಗೆ ಐದು ನಿಕ್ಕಲ್. 1974ರಲ್ಲಿ ಅಮೆರಿಕದ ಬ್ರುಕ್‌ಹೇವನ್ ಪ್ರಯೋಗಾಲಯದವರು ಟೈಟೇನಿಯಂ-ಕಬ್ಬಿಣದ ಹೈಡ್ರೈಡ್ ವಿವರಿಸಿದರು. ಜರ್ಮನಿಯ 212 ಮಾದರಿಯ ಜಲಾಂತರ್ಗಾಮಿಗಳು ಹೈಡ್ರೋಜನ್ ಇಟ್ಟುಕೊಳ್ಳುವುದು ಲೋಹದ ಹೈಡ್ರೈಡ್ ತುಂಬಿದ ಸಿಲಿಂಡರುಗಳಲ್ಲಿ. ನಮ್ಮಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಓ.ಎನ್. ಶ್ರೀವಾಸ್ತವ ಅವರ ತಂಡ ಹೈಡ್ರೈಡ್ ಟ್ಯಾಂಕಿನ ಬೈಕು, ಆಟೊಗಳನ್ನು ಓಡಿಸಿ ತೋರಿಸಿದೆ.

ಒಳಗೆ ನಡೆಯುವುದು ಇಷ್ಟು. ಹೈಡ್ರೋಜನ್ ಅಣು ಲೋಹದ ಮೇಲ್ಮೈಗೆ ತಾಗಿ ಎರಡು ಪರಮಾಣುಗಳಾಗಿ ಒಡೆಯುತ್ತದೆ. ಪರಮಾಣುಗಳು ಲೋಹದ ಸಂದುಗಳಿಗೆ ಇಳಿದು ಕೂರುತ್ತವೆ. ಕೂರುವಾಗ ಶಾಖ ಹೊರಬರುತ್ತದೆ. ಅಷ್ಟೇ ಶಾಖ ಮರಳಿಸಿದರೆ ಎದ್ದು ಬರುತ್ತವೆ. ಲ್ಯಾಂಥನಂ-ನಿಕ್ಕಲ್‌ನಲ್ಲಿ ಒಂದು ಮೋಲ್, ಅಂದರೆ 2 ಗ್ರಾಂ, ಹೈಡ್ರೋಜನ್ನಿಗೆ ಈ ಶಾಖ ಸುಮಾರು 30 ಕಿಲೋಜೂಲ್. ಮೆಗ್ನೀಸಿಯಂನಲ್ಲಿ ಸುಮಾರು 75. ಆಟವೆಲ್ಲ ಇರುವುದು ಈ ಎರಡು ಸಂಖ್ಯೆಗಳಲ್ಲಿ.

30 ಕಿಲೋಜೂಲಿನ ಬಂಧ ಸಡಿಲ. 25 ಡಿಗ್ರಿಯಲ್ಲೇ ಲ್ಯಾಂಥನಂ-ನಿಕ್ಕಲ್ ಹೈಡ್ರೈಡ್ ತನ್ನ ಸುತ್ತ ಸುಮಾರು 2 ಬಾರ್ ಒತ್ತಡ ಕೊಟ್ಟುಕೊಂಡಿರುತ್ತದೆ. ವಾಲ್ವ್ ತಿರುಗಿಸಿದರೆ ಅನಿಲ ಬರುತ್ತದೆ. ಆದರೆ ಹಿಡಿಯುವುದು ತೂಕದ ಶೇ 1.4 ಮಾತ್ರ. ಮೆಗ್ನೀಸಿಯಂ ಶೇ 7.6 ಹಿಡಿಯುತ್ತದೆ, ಬೆಲೆಯೂ ಕಡಿಮೆ. ಆದರೆ 75 ಕಿಲೋಜೂಲಿನ ಬಂಧ ಬಿಡಿಸಿ 1 ಬಾರ್ ಒತ್ತಡದಲ್ಲಿ ಅನಿಲ ಕೊಡಿಸಬೇಕೆಂದರೆ 285 ಡಿಗ್ರಿ ಆಸುಪಾಸು ಬಿಸಿ ಬೇಕು. 1 ಕಿಲೋ ಹೈಡ್ರೋಜನ್ ಬಿಡಿಸಲು ಹಿಡಿಯುವ ಶಾಖ 37 ಮೆಗಾಜೂಲ್. ಆ ಒಂದು ಕಿಲೋ ಉರಿದರೆ ಬರುವುದು 120. ಮೂರರಲ್ಲಿ ಒಂದು ಪಾಲು ಬೀಗ ತೆಗೆಯುವುದಕ್ಕೇ ಹೋಯಿತು.

ಪಾಲಿಮರ್ ಯಾಕೆ ಬಂತು

ಮೆಗ್ನೀಸಿಯಂಗೆ ಇನ್ನೊಂದು ಕಾಟವಿದೆ. ಮೇಲ್ಮೈಯಲ್ಲಿ ಹೈಡ್ರೈಡಿನ ಪದರ ಕಟ್ಟಿಕೊಂಡ ಕೂಡಲೇ ಅದರ ಮೂಲಕ ಹೈಡ್ರೋಜನ್ ಒಳಗಿಳಿಯುವುದು ಬಹಳ ನಿಧಾನವಾಗುತ್ತದೆ. ಹೊರಗೆ ಬೆಂದು ಒಳಗೆ ಹಸಿ ಉಳಿದ ರೊಟ್ಟಿಯ ಹಾಗೆ, ದೊಡ್ಡ ಕಣದ ತಿರುಳು ಖಾಲಿಯೇ ಉಳಿಯುತ್ತದೆ. ಉಪಾಯ ಸರಳ: ಕಣವನ್ನು ಚಿಕ್ಕದು ಮಾಡು. ಒಳಗೆ ಇಳಿಯುವ ಹೊತ್ತು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕಣ ಹತ್ತರಲ್ಲಿ ಒಂದಾದರೆ ಹೊತ್ತು ನೂರರಲ್ಲಿ ಒಂದು.

ಚಿಕ್ಕದಾದಷ್ಟೂ ತುಕ್ಕಿನ ಭಯ ದೊಡ್ಡದು. 50 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್) ಅಡ್ಡಳತೆಯ ಮೆಗ್ನೀಸಿಯಂ ಕಣದ ಹೊರಗಿನ 1 ನ್ಯಾನೋಮೀಟರ್ ಪದರ ಆಕ್ಸೈಡ್ ಆದರೆ ಹೋಗುವುದು ಗಾತ್ರದ ಶೇ 11.5. ಕಣ 5 ನ್ಯಾನೋಮೀಟರ್ ಇದ್ದರೆ ಅದೇ 1 ನ್ಯಾನೋಮೀಟರ್ ಪದರ ಶೇ 78 ತಿಂದುಹಾಕುತ್ತದೆ. ಉಳಿಯುವುದು ಐದರಲ್ಲಿ ಒಂದು ಪಾಲು ಲೋಹ. ಗಾಳಿಗೆ ಒಂದು ಕ್ಷಣ ತೆರೆದುಕೊಂಡರೆ ಸಾಕು, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುತ್ತದೆ. ಜತೆಗೆ ಇಷ್ಟು ಸಣ್ಣ ಕಣಗಳು ಬಿಸಿಯಲ್ಲಿ ಒಂದಕ್ಕೊಂದು ಅಂಟಿ ಮತ್ತೆ ದೊಡ್ಡವಾಗುತ್ತವೆ. ಹತ್ತಿಪ್ಪತ್ತು ಸಲ ತುಂಬಿ ಬಿಡುವಷ್ಟರಲ್ಲಿ ಮಾಡಿದ ಕೆಲಸ ನೀರುಪಾಲು.

ಪಾಲಿಮರ್ ಈ ಎರಡಕ್ಕೆ ಬಂದ ಮದ್ದು: ಆಕ್ಸಿಜನ್ ತಡೆ, ಹೈಡ್ರೋಜನ್ ಬಿಡು, ಕಣಗಳನ್ನು ಬೇರೆಬೇರೆ ಹಿಡಿದಿಡು. 2011ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ತಂಡ ಸುಮಾರು 5 ನ್ಯಾನೋಮೀಟರಿನ ಮೆಗ್ನೀಸಿಯಂ ಕಣಗಳನ್ನು ಪಿಎಂಎಂಎ ಒಳಗೇ ಹುಟ್ಟಿಸಿ ತೋರಿಸಿತು. ಪಿಎಂಎಂಎ ಎಂದರೆ ಅಂಗಡಿ ಬೋರ್ಡಿಗೆ ಬಳಸುವ ಅಕ್ರಿಲಿಕ್ ಹಾಳೆಯ ಪ್ಲಾಸ್ಟಿಕ್ಕೇ. ಗಾಳಿಯಲ್ಲಿಟ್ಟರೂ ಆ ಕಣಗಳು ಕೆಡಲಿಲ್ಲ. 200 ಡಿಗ್ರಿ, 35 ಬಾರ್‌ನಲ್ಲಿ ಅರ್ಧ ತಾಸಿನೊಳಗೆ ಹೈಡ್ರೋಜನ್ ತುಂಬಿಕೊಂಡವು. ಕ್ರಿಯೆಯ ವೇಗ ಹೆಚ್ಚಿಸಲು ದುಬಾರಿ ಲೋಹದ ಕ್ಯಾಟಲಿಸ್ಟ್ ಬೇಕಾಗಲಿಲ್ಲ. ಅಲ್ಲಿಂದ ಈ ದಾರಿ ಹಿಡಿದವರು ಹಲವರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. 200 ಡಿಗ್ರಿಯಲ್ಲಿ ತುಂಬಿತು ಎಂದರೆ 200 ಡಿಗ್ರಿಯಲ್ಲಿ ಬಳಸಲು ಸಿಗುತ್ತದೆ ಎಂದಲ್ಲ. ಆ ಉಷ್ಣತೆಯಲ್ಲಿ ಮೆಗ್ನೀಸಿಯಂ ಹೈಡ್ರೈಡ್ ಕೊಡುವ ಒತ್ತಡ ಸುಮಾರು 0.06 ಬಾರ್. 250 ಡಿಗ್ರಿಯಲ್ಲಿ 0.36. ಅಂದರೆ ಅನಿಲ ಹೊರಗೆ ಬರಬೇಕಾದರೆ ವ್ಯಾಕ್ಯೂಮ್ ಪಂಪಿನಿಂದ ಎಳೆಯಬೇಕು. ಫ್ಯುಯೆಲ್ ಸೆಲ್‌ಗೆ ಒಂದು ಒಂದೂವರೆ ಬಾರ್ ಒತ್ತಡದಲ್ಲಿ ಅನಿಲ ಬೇಕಾಗಿರುವಾಗ ಇದು ಪ್ರಯೋಗಾಲಯದ ಗೆಲುವು ಮಾತ್ರ. ಕಣ ಚಿಕ್ಕದಾದ ಮಾತ್ರಕ್ಕೆ ಬಂಧದ ಶಾಖ ಕಡಿಮೆಯಾಗುವುದಿಲ್ಲ. ಲೆಕ್ಕಾಚಾರಗಳ ಪ್ರಕಾರ 2 ನ್ಯಾನೋಮೀಟರಿಗಿಂತ ಕೆಳಗೆ ಹೋದರೆ ಮಾತ್ರ ಆ ಲಾಭ ಕಣ್ಣಿಗೆ ಬೀಳುವಷ್ಟು. 5 ನ್ಯಾನೋಮೀಟರಿನಲ್ಲಿ ವೇಗ ಸಿಗುತ್ತದೆ, ಒತ್ತಡ ಸಿಗುವುದಿಲ್ಲ. ವೇಗ ಬೇರೆ, ಒತ್ತಡ ಬೇರೆ. ಎಷ್ಟೋ ಪ್ರಬಂಧಗಳ ಮುಖಪುಟದಲ್ಲಿ ಇವೆರಡೂ ಕಲಸಿಹೋಗಿರುತ್ತವೆ.

ಸರಿ, 285 ಡಿಗ್ರಿಗೇ ಕಾಯಿಸೋಣ ಎಂದರೆ? ಪಿಎಂಎಂಎ 200 ದಾಟಿದ ಮೇಲೆ ಕೆಡತೊಡಗಿ, 300ರ ಹೊತ್ತಿಗೆ ಸರಪಳಿ ಕಳಚಿ ತಾನು ಹುಟ್ಟಿಬಂದ ದ್ರವದ ಆವಿಯಾಗಿ ಹೋಗುತ್ತದೆ. ಲೋಹ ಬಾಗಿಲು ತೆರೆಯುವ ಹೊತ್ತಿಗೆ ಕಾವಲುಗಾರನೇ ಇಲ್ಲ.

ಯಾವ ಪ್ಲಾಸ್ಟಿಕ್, ಯಾವುದಕ್ಕೆ

ಪಾಲಿಮರ್ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಹೈಡ್ರೋಜನ್ನನ್ನು ಬಿಟ್ಟು ಆಕ್ಸಿಜನ್ನನ್ನು ತಡೆಯುತ್ತದೆಯೇ ಎಂದು. ಹೈಡ್ರೋಜನ್ ಅಣುವಿನ ಅಳತೆ 2.89 ಆಂಗ್‌ಸ್ಟ್ರಾಂ (ಹತ್ತು ಆಂಗ್‌ಸ್ಟ್ರಾಂ ಒಂದು ನ್ಯಾನೋಮೀಟರ್), ಆಕ್ಸಿಜನ್ 3.46. ಜರಡಿಯ ಕಣ್ಣು ಇವೆರಡರ ನಡುವೆ ಇದ್ದರೆ ಕೆಲಸವಾಯಿತು. ಆದರೆ ನೀರಿನ ಅಣು 2.65! ಹೈಡ್ರೋಜನ್ನಿಗಿಂತ ಚಿಕ್ಕದು. ಹಾಗಾಗಿ ಬರೀ ಜರಡಿಯಿಂದ ನೀರಾವಿಯನ್ನು ತಡೆಯಲಾಗದು. ನೀರನ್ನು ಸೇರಿಸಿಕೊಳ್ಳದ ಸ್ವಭಾವದ ಪ್ಲಾಸ್ಟಿಕ್ಕೇ ಬೇಕು. ಪಿಎಂಎಂಎ ಒಂದು ದಿನ ನೀರಿನಲ್ಲಿಟ್ಟರೆ ತೂಕದ ಶೇ 0.3ರಷ್ಟು ನೀರು ಹೀರುತ್ತದೆ. ಪಾಲಿಮೀಥೈಲ್‌ಪೆಂಟೀನ್, ಚಿಕ್ಕದಾಗಿ ಪಿಎಂಪಿ, ಹೀರುವುದು ಶೇ 0.01. ಲ್ಯಾಬಿನಲ್ಲಿ ಗಾಜಿನ ಹಾಗೆ ಕಾಣುವ, ಕೈಗೆತ್ತಿಕೊಂಡರೆ ಹಗುರ ಎನಿಸುವ ಬೀಕರುಗಳನ್ನು ಮಾಡುವುದು ಇದರಿಂದಲೇ. ಬೇಸಿಗೆಯ ಒಣ ಹವೆಯಲ್ಲಿ ನೀರಿನ ಮಟ್ಟಿಗೆ ಎರಡಕ್ಕೂ ವ್ಯತ್ಯಾಸ ಕಾಣದು. ಆಗಸ್ಟಿನ ಮಳೆಯಲ್ಲಿ ತಿಂಗಳೊಪ್ಪತ್ತು ಇಟ್ಟರೆ ಕಾಣುತ್ತದೆ.

ಎರಡನೆಯದು, ಪಾಲಿಮರ್ ಮತ್ತು ಹೈಡ್ರೈಡ್ ಜಗಳವಾಡಬಾರದು. ಪಿಎಂಎಂಎದಲ್ಲಿ ಆಕ್ಸಿಜನ್ ಇರುವ ಎಸ್ಟರ್ ಎಂಬ ಗುಂಪುಗಳಿವೆ. ಲಿಥಿಯಂ ಬೊರೊಹೈಡ್ರೈಡಿನಂಥ ಬೇರೆ ಬಗೆಯ ಹೈಡ್ರೈಡುಗಳು ಎಸ್ಟರನ್ನು ಕಂಡರೆ ಬಿಡವು. ಹೈಡ್ರೋಜನ್ ಪ್ಲಾಸ್ಟಿಕ್ಕಿಗೇ ಹೋಗಿ ಸೇರುತ್ತದೆ, ಮರಳಿ ಬರುವುದಿಲ್ಲ. ಅಂಥವಕ್ಕೆ ಬರೀ ಕಾರ್ಬನ್-ಹೈಡ್ರೋಜನ್ ಇರುವ ಪಿಎಂಪಿ, ಪಾಲಿಸ್ಟೈರೀನ್ ಒಳ್ಳೆಯವು. ಪುಡಿಯನ್ನು ಹಿಡಿದಿಡುವ ಅಂಟಾಗಿ ಟೆಫ್ಲಾನ್ ಲ್ಯಾಂಥನಂ-ನಿಕ್ಕಲ್‌ಗೆ ನಡೆಯುತ್ತದೆ, ಮೆಗ್ನೀಸಿಯಂಗೆ ಮಾತ್ರ ಎಂದಿಗೂ ಬೇಡ. ಮೆಗ್ನೀಸಿಯಂ ಮತ್ತು ಟೆಫ್ಲಾನ್ ಪುಡಿ ಸೇರಿಸಿ ಯುದ್ಧವಿಮಾನಗಳು ಕ್ಷಿಪಣಿಗೆ ದಾರಿ ತಪ್ಪಿಸಲು ಉದುರಿಸುವ ಬೆಂಕಿಯುಂಡೆಗಳನ್ನು ಮಾಡುತ್ತಾರೆ. ಅದನ್ನು ಕುಲುಮೆಯಲ್ಲಿ ಕಾಯಿಸುವ ಮುನ್ನ ನೆನಪಿರಲಿ.

ಮೂರನೆಯದರ ಬಗ್ಗೆ ಮಾತಾಡುವವರು ಕಡಿಮೆ. ಪಿಎಂಎಂಎ 105 ಡಿಗ್ರಿಯ ಹೊತ್ತಿಗೆ ಗಾಜಿನ ಗಡಸುತನ ಕಳೆದುಕೊಂಡು ಮೆತ್ತಗಾಗುತ್ತದೆ. 200ರಲ್ಲಿ ಅದು ಗೋಡೆಯಲ್ಲ, ಪಾಕ. ಪಾಕದೊಳಗೆ ಕಣಗಳು ನಿಧಾನವಾಗಿ ತೇಲಿ ಒಂದನ್ನೊಂದು ಸೇರುತ್ತವೆ. ಅದಕ್ಕೇ ಸರಪಳಿಗಳ ನಡುವೆ ಅಡ್ಡ ಕೊಂಡಿ ಹಾಕುವುದು, ಅಂದರೆ ಕ್ರಾಸ್‌ಲಿಂಕ್ ಮಾಡುವುದು. ಎರಡು ತುದಿಯಲ್ಲೂ ಹಿಡಿಯುವ ಮಾನೋಮರನ್ನು, ಅಂದರೆ ಸರಪಳಿಯ ಬಿಡಿ ಕೊಂಡಿಯನ್ನು, ಕೆಲವು ಶೇಕಡಾ ಸೇರಿಸಿದರೆ ಪಾಕ ಹರಿಯುವುದು ನಿಲ್ಲುತ್ತದೆ. ಅತಿಯಾದರೆ ಹೊದಿಕೆ ಪೆಡಸಾಗಿ, ಕಣ ಉಬ್ಬಿದಾಗ ಒಡೆಯುತ್ತದೆ. ಹೈಡ್ರೋಜನ್ ತುಂಬಿದಾಗ ಮೆಗ್ನೀಸಿಯಂ ಸುಮಾರು ಶೇ 30, ಲ್ಯಾಂಥನಂ-ನಿಕ್ಕಲ್ ಶೇ 24 ಉಬ್ಬುತ್ತವೆ ಎಂಬುದನ್ನು ಮರೆತು ಕೊಂಡಿ ಹಾಕುವಂತಿಲ್ಲ. ಹೆಚ್ಚು ಬಿಸಿ ತಡೆಯಲು ಪಾಲಿಇಮೈಡ್, ಪೀಕ್ ಇವೆ. ಕರಗಿಸುವುದು ಕಷ್ಟ, ಬೆಲೆ ಇನ್ನೂ ಕಷ್ಟ.

ಕೊನೆಗೆ ಎಲ್ಲ ಕೂಡಿಸಿದರೆ ಲೆಕ್ಕ ಹೀಗೆ ಬರುತ್ತದೆ: ಮಡಚುವ ಚಾಕುವಿನಂತೆ ಎಲ್ಲಕ್ಕೂ ಒಂದೇ ಎನ್ನುವ ಜೋಡಿ ಇಲ್ಲ. 80 ಡಿಗ್ರಿಯೊಳಗೆ ಕೆಲಸ ಮಾಡುವ ಲ್ಯಾಂಥನಂ-ನಿಕ್ಕಲ್, ಟೈಟೇನಿಯಂ-ಕಬ್ಬಿಣ ಜಾತಿಗೆ ಪಾಲಿಮರ್ ಹೊದಿಕೆ ಇವತ್ತೇ ಕೈಗೆ ಬರುವ ತಂತ್ರ. ಮೆಗ್ನೀಸಿಯಂಗೆ ಅದು ಇನ್ನೂ ಸಂಶೋಧನೆ. ತೂಕ ಹೊರಬೇಕಾದ ಕಾರಿಗೆ ಶೇ 1.4 ಸಾಲದು. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವ ಟ್ಯಾಂಕಿಗೆ ತೂಕ ಯಾರಿಗೆ ಬೇಕು?

ಐವತ್ತು ಗ್ರಾಂ ಮಾಡಿ ನೋಡುವುದು

ಲ್ಯಾಂಥನಂ-ನಿಕ್ಕಲ್ ಮಿಶ್ರಲೋಹ ಗಟ್ಟಿಗಳಾಗಿ ಬರುತ್ತದೆ. ಅದನ್ನು ಕುಟ್ಟಿ ಸಣ್ಣಗೆ ಮಾಡುವ ಶ್ರಮ ಬೇಡ. ಪಾತ್ರೆಯಲ್ಲಿಟ್ಟು ವ್ಯಾಕ್ಯೂಮ್ ಮಾಡಿ, 20-30 ಬಾರ್ ಹೈಡ್ರೋಜನ್ ಕೊಟ್ಟು, ಖಾಲಿ ಮಾಡಿ, ಹೀಗೆ ಐದರಿಂದ ಹತ್ತು ಸಲ ಮಾಡಿದರೆ ಉಬ್ಬಿ ಕುಗ್ಗಿ ತಾನೇ ಬಿರಿದು ಕೆಲವು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಪುಡಿಯಾಗುತ್ತದೆ. ಈ ಬಿರಿಯುವಿಕೆ ಹೊದಿಕೆ ಹಾಕುವ ಮೊದಲೇ ಮುಗಿದಿರಬೇಕು. ಅವಸರಕ್ಕೆ ಇನ್ನೂ ಬಿರಿಯದ ಚೂರುಗಳಿಗೇ ಪ್ಲಾಸ್ಟಿಕ್ ಮೆತ್ತಿದರೆ, ಆಮೇಲೆ ಕಣ ಬಿರಿದಾಗ ಹೊದಿಕೆಯೂ ಹರಿದು, ಹೊಸದಾಗಿ ತೆರೆದ ಮುಖಕ್ಕೆ ರಕ್ಷಣೆಯೇ ಇರುವುದಿಲ್ಲ. ಬಹಳ ಜನ ಮುಗ್ಗರಿಸುವುದು ಇಲ್ಲೇ.

ಪಿಎಂಪಿ ಹರಳುಗಳನ್ನು ವ್ಯಾಕ್ಯೂಮ್ ಓವನ್ನಿನಲ್ಲಿ 80 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ. ಮೊದಲೇ ಕಾಯಿಸಿ ಒಣಗಿಸಿಟ್ಟ ಮಾಲಿಕ್ಯುಲರ್ ಸೀವ್ (ನೀರು ಹೀರುವ ಹರಳು) ಮೇಲೆ ಸೈಕ್ಲೋಹೆಕ್ಸೇನ್ ಎಂಬ ಸಾಲ್ವೆಂಟನ್ನು, ಅಂದರೆ ದ್ರಾವಕವನ್ನು, ಎರಡು ದಿನ ಇಟ್ಟು ನೀರನ್ನು 10 ಪಿಪಿಎಂಗಿಂತ ಕೆಳಗೆ ತನ್ನಿ, ಆರ್ಗಾನ್ ಗುಳ್ಳೆ ಹಾಯಿಸಿ ಕರಗಿರುವ ಆಕ್ಸಿಜನ್ ತೆಗೆಯಿರಿ. ಮುಂದಿನದೆಲ್ಲ ಆರ್ಗಾನ್ ತುಂಬಿದ, ಹೊರಗಿನಿಂದ ಕೈಗವಸಿನಲ್ಲಿ ಕೈಯಿಟ್ಟು ಕೆಲಸ ಮಾಡುವ ಗ್ಲೋವ್ ಬಾಕ್ಸಿನಲ್ಲಿ. 100 ಮಿಲಿ ಬಿಸಿ ಸೈಕ್ಲೋಹೆಕ್ಸೇನ್‌ನಲ್ಲಿ 5 ಗ್ರಾಂ ಪಿಎಂಪಿ ಕರಗಿಸಿ 45 ಗ್ರಾಂ ಪುಡಿ ಹಾಕಿ ಕಲಕಬೇಕು. ಪುಡಿಯ ಸಾಂದ್ರತೆ 8ಕ್ಕೂ ಹೆಚ್ಚು, ದ್ರಾವಣದ್ದು 1ಕ್ಕಿಂತ ಕಡಿಮೆ. ಕಲಕುವುದು ನಿಂತ ಗಳಿಗೆಯಲ್ಲೇ ಪುಡಿ ತಳ ಹಿಡಿಯುತ್ತದೆ. ಕೆಳಗೆ ಬರೀ ಲೋಹ, ಮೇಲೆ ಬರೀ ಪ್ಲಾಸ್ಟಿಕ್. ದ್ರಾವಣ ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾಗುವವರೆಗೆ ಕೈ ಬಿಡಬಾರದು. ಆಮೇಲೆ ಗಾಜಿನ ಮೇಲೆ ತೆಳುವಾಗಿ ಎಳೆದು, ನಿಧಾನವಾಗಿ ಆರಿಸಿ, ವ್ಯಾಕ್ಯೂಮ್‌ನಲ್ಲಿ 24 ತಾಸು ಇಡಬೇಕು.

ಹಾಳೆಯ ದಪ್ಪ ಹೆಚ್ಚಿಸುವ ಆಸೆ ಬೇಡ. 100 ಮೈಕ್ರಾನ್ ದಪ್ಪದ ಮೂಲಕ ಹೈಡ್ರೋಜನ್ ಇಳಿಯಲು ಒಂದೂವರೆ ನಿಮಿಷ ಹಿಡಿದರೆ, 1 ಮಿಲಿಮೀಟರಿಗೆ ಎರಡೂವರೆ ತಾಸು. ಮತ್ತದೇ ವರ್ಗದ ಲೆಕ್ಕ.

ಇಲ್ಲಿ ಒಂದು ಬೆರಗು. ತೂಕದಲ್ಲಿ ಪ್ಲಾಸ್ಟಿಕ್ ಶೇ 10 ಮಾತ್ರ. ಗಾತ್ರದಲ್ಲಿ? ಲೋಹ 5.4 ಘನ ಸೆಂಟಿಮೀಟರ್, ಪ್ಲಾಸ್ಟಿಕ್ 6. ಅರ್ಧಕ್ಕಿಂತ ಹೆಚ್ಚು ಜಾಗ ಹುಲ್ಲಿಗೇ ಹೋಯಿತು. ಆದರೂ ಶೇ 1.26 ತೂಕದ ಲೆಕ್ಕದಲ್ಲಿ, ಲೋಹ ಉಬ್ಬುವುದನ್ನೂ ಸೇರಿಸಿ, ಲೀಟರಿಗೆ ಸುಮಾರು 50 ಗ್ರಾಂ ಹೈಡ್ರೋಜನ್ ಉಳಿಯುತ್ತದೆ, 700 ಬಾರ್‌ನ ಸಿಲಿಂಡರಿಗಿಂತ ಹೆಚ್ಚು. ಯಾರಾದರೂ ತಮ್ಮ ಹೈಡ್ರೈಡ್ ಇಷ್ಟು ಶೇಕಡಾ ಹಿಡಿಯುತ್ತದೆ ಎಂದರೆ ಪ್ಲಾಸ್ಟಿಕ್ಕಿನ ತೂಕ ಸೇರಿಸಿಯೋ ಬಿಟ್ಟೋ ಎಂದು ಕೇಳಿ. ಬರ್ಕ್‌ಲಿಯ ಮಾದರಿಯಲ್ಲೂ ಬರೀ ಮೆಗ್ನೀಸಿಯಂ ಲೆಕ್ಕಕ್ಕೆ ಶೇ 6ರ ಹತ್ತಿರ, ಪ್ಲಾಸ್ಟಿಕ್ ಸೇರಿಸಿದರೆ 4ರ ಆಸುಪಾಸು.

ಮೆಗ್ನೀಸಿಯಂ ಹೈಡ್ರೈಡ್ ಆದರೆ ಬಾಲ್ ಮಿಲ್ ದಾರಿ. ಪುಡಿಯ ಹತ್ತು ಪಟ್ಟು ತೂಕದ ಉಕ್ಕಿನ ಗುಂಡು, ನಯೋಬಿಯಂ ಆಕ್ಸೈಡ್ ಅಥವಾ ನಿಕ್ಕಲ್ ಪುಡಿ ಕೆಲವು ಶೇಕಡಾ, 15 ನಿಮಿಷ ತಿರುಗಿಸಿ 15 ನಿಮಿಷ ಆರಲು ಬಿಡುವುದು. ಪಾಲಿಮರನ್ನು ಮಿಲ್ಲಿಗೆ ಹಾಕುವುದಾದರೆ ಕಟ್ಟಕಡೆಯ ಸುತ್ತಿನಲ್ಲಿ ಹಾಕಿ. ಮೊದಲೇ ಹಾಕಿದರೆ ಗುಂಡುಗಳು ಅದರ ಸರಪಳಿಯನ್ನೂ ಕಡಿದುಹಾಕುತ್ತವೆ. ಮಿಲ್ಲಿನ ಡಬ್ಬಿ ಗ್ಲೋವ್ ಬಾಕ್ಸಿನಲ್ಲಲ್ಲದೆ ಬೇರೆಲ್ಲೂ ತೆರೆಯಬಾರದು.

ಅಳತೆಯಲ್ಲಿ ಆಗುವ ಮೋಸ

ಎಷ್ಟು ಹೈಡ್ರೋಜನ್ ಹಿಡಿಯಿತೆಂದು ನೋಡುವ ಸಾಧನ ಸೀವರ್ಟ್ಸ್ ಉಪಕರಣ. ತಿಳಿದ ಗಾತ್ರದ ಪಾತ್ರೆಯಲ್ಲಿ ಅನಿಲ ತುಂಬಿ, ವಾಲ್ವ್ ತೆರೆದು ಮಾದರಿಗೆ ಬಿಟ್ಟು, ಒತ್ತಡ ಎಷ್ಟು ಇಳಿಯಿತೆಂದು ನೋಡುವುದು. ಶೇ 4 ಹಿಡಿಯುವ ಅರ್ಧ ಗ್ರಾಂ ಮಾದರಿ ನುಂಗುವುದು 20 ಮಿಲಿಗ್ರಾಂ. 100 ಮಿಲಿ ಪಾತ್ರೆಯಲ್ಲಿ ಅದು 2.45 ಬಾರ್ ಇಳಿಕೆ. ಪಾತ್ರೆಯಲ್ಲಿ 30 ಬಾರ್ ಇದ್ದು ಕೋಣೆಯ ಉಷ್ಣತೆ 1 ಡಿಗ್ರಿ ಬದಲಾದರೆ ಒತ್ತಡ 0.1 ಬಾರ್ ಬದಲಾಗುತ್ತದೆ. ಅಳತೆಯಲ್ಲಿ ಶೇ 4 ತಪ್ಪು. ರಾಯಚೂರಿನ ಮೇ ತಿಂಗಳಲ್ಲಿ ಕರೆಂಟು ಹೋಗಿ ಎಸಿ ನಿಂತು ಕೋಣೆ 5 ಡಿಗ್ರಿ ಏರಿತೆಂದುಕೊಳ್ಳಿ, ತಪ್ಪು ಶೇ 20. ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಉಷ್ಣತೆ ಹಿಡಿದಿಡುವುದು ದುಬಾರಿ ಗೇಜಿಗಿಂತ ಮುಖ್ಯ.

ಸಣ್ಣ ಸೋರಿಕೆಯೂ ಗೇಜಿನಲ್ಲಿ ಹೀರಿಕೆಯಂತೆಯೇ ಕಾಣುತ್ತದೆ. ಹಾಗಾಗಿ ಮೊದಲು ಖಾಲಿ ಪಾತ್ರೆ, ಆಮೇಲೆ ಅಷ್ಟೇ ಗಾತ್ರದ ಬರೀ ಪ್ಲಾಸ್ಟಿಕ್, ಕೊನೆಗೆ ಮಾದರಿ: ಮೂರನ್ನೂ ಒಂದೇ ಉಷ್ಣತೆಯಲ್ಲಿ ಓಡಿಸಬೇಕು. ಬಿಡುಗಡೆಯ ಕಡೆ ಇನ್ನೂ ದೊಡ್ಡ ಮೋಸವಿದೆ. ಪಾಲಿಮರ್ ಕಳಚಿ ಬಂದ ಆವಿಯೂ, ಉಳಿದ ಸಾಲ್ವೆಂಟೂ ಒತ್ತಡ ಕೊಡುತ್ತವೆ. ಗೇಜಿಗೆ ಅದು ಹೈಡ್ರೋಜನ್ನೋ ಅಲ್ಲವೋ ಗೊತ್ತಿಲ್ಲ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್ ಜೋಡಿಸಿ ಹೈಡ್ರೋಜನ್ನಿನ 2ರ ಗೆರೆಯ ಜತೆಗೆ ನೀರಿನ 18, ಪಿಎಂಎಂಎ ಆವಿಯ 41, 69, 100ರ ಗೆರೆಗಳನ್ನೂ ನೋಡಬೇಕು. ಇವು ಎದ್ದರೆ ಬಂದದ್ದೆಲ್ಲ ಹೈಡ್ರೋಜನ್ ಅಲ್ಲ.

ಶಾಖ ಎಲ್ಲಿಗೆ ಹೋಗುತ್ತದೆ

ಪಾಲಿಮರಿನ ದೊಡ್ಡ ಕೊರತೆ ಶಾಖ. ಅದರ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ 0.2 ವಾಟ್, ಸ್ಟೇನ್‌ಲೆಸ್ ಸ್ಟೀಲ್ 15, ತಾಮ್ರ 400 ಹತ್ತಿರ. ತುಂಬುವಾಗ ಹುಟ್ಟಿದ ಶಾಖ ಹೊರಹೋಗದಿದ್ದರೆ ಒಳಗಿನ ಉಷ್ಣತೆ ಏರಿ, ಹೈಡ್ರೈಡಿನ ಒತ್ತಡ ತುಂಬುವ ಒತ್ತಡಕ್ಕೆ ಸಮವಾಗಿ, ತುಂಬುವುದೇ ನಿಂತುಬಿಡುತ್ತದೆ. ಹಾಳೆಗಳನ್ನು ಚೂರು ಮಾಡಿ, ಹಿಗ್ಗಿಸಿದ ಗ್ರಾಫೈಟ್ ಶೇ 5ರಿಂದ 10 ಬೆರೆಸಿ ಪ್ರೆಸ್ಸಿನಲ್ಲಿ ಬಿಲ್ಲೆ ಒತ್ತುವುದು ಇದಕ್ಕೆ ಒಳ್ಳೆಯ ಪರಿಹಾರ. ಒತ್ತಿದಾಗ ಗ್ರಾಫೈಟಿನ ಪದರಗಳು ಅಡ್ಡಲಾಗಿ ಮಲಗಿ ಶಾಖವನ್ನು ಪಕ್ಕದ ಗೋಡೆಗೆ ಸಾಗಿಸುತ್ತವೆ. ಪಾಲಿಮರ್ ಇಲ್ಲಿ ಅಂಟಿನ ಕೆಲಸವನ್ನೂ ಮಾಡುತ್ತದೆ. ಬರೀ ಪುಡಿಯಾದರೆ ನೂರಾರು ಸಲ ಉಬ್ಬಿ ಕುಗ್ಗುವಾಗ ಕೆಳಗೆ ಜಾರಿ, ತಳದಲ್ಲಿ ಒತ್ತೊತ್ತಾಗಿ ಕೂತು, ಕೊಳವೆಯ ತಳವನ್ನೇ ಉಬ್ಬಿಸಿ ಸೀಳುತ್ತದೆ. ಬಿಲ್ಲೆ ಇದ್ದ ಜಾಗದಲ್ಲೇ ಇರುತ್ತದೆ.

ಕೊಪ್ಪಳದ ಒಂದು ತೋಟದಲ್ಲಿ 5 ಎಚ್‌ಪಿ ಬೋರ್‌ವೆಲ್ ಮೋಟರು ರಾತ್ರಿ ಓಡಿಸಲು 1 ಕಿಲೋ ಹೈಡ್ರೋಜನ್ ಇಡುವುದಾದರೆ ಏನೇನು ಬೇಕು? ಅರ್ಧ ಇಳುವರಿಯ ಫ್ಯುಯೆಲ್ ಸೆಲ್‌ನಲ್ಲಿ 1 ಕಿಲೋಗೆ 16 ಯೂನಿಟ್ಟಿಗಿಂತ ತುಸು ಹೆಚ್ಚು ಕರೆಂಟು, 3.7 ಕಿಲೋವಾಟಿನ ಮೋಟರು ನಾಲ್ಕೂವರೆ ತಾಸು. ಶೇ 10 ಪ್ಲಾಸ್ಟಿಕ್ ಸೇರಿದ ಲ್ಯಾಂಥನಂ-ನಿಕ್ಕಲ್ ಹೈಡ್ರೈಡ್ ಸುಮಾರು 80 ಕಿಲೋ, ಪಾತ್ರೆ ಬೇರೆ. ಬಿಡುಗಡೆಗೆ ಬೇಕಾದ 15 ಮೆಗಾಜೂಲ್ ನಾಲ್ಕೂವರೆ ತಾಸಿಗೆ ಹಂಚಿದರೆ 0.9 ಕಿಲೋವಾಟ್. ಫ್ಯುಯೆಲ್ ಸೆಲ್ ತಾನೇ 3.7 ಕಿಲೋವಾಟ್ ಶಾಖ ಚೆಲ್ಲುತ್ತಿರುತ್ತದೆ, ಅದರ ಬಿಸಿನೀರನ್ನೇ ಟ್ಯಾಂಕಿನ ಸುತ್ತ ಹಾಯಿಸಿದರೆ ಆಯಿತು. ಹಗಲು ಮೂರು ತಾಸಿನಲ್ಲಿ ತುಂಬುವಾಗ 1.4 ಕಿಲೋವಾಟ್ ಶಾಖ ತೆಗೆಯಬೇಕು. ನಿಮಿಷಕ್ಕೆ 5 ಲೀಟರ್ ಬೋರಿನ ನೀರು 4 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ, ಹಾಗೇ ಪಾತಿಗೆ ಬಿಡಬಹುದು.

ನಮ್ಮ ಬಿಸಿಲು ಇಲ್ಲಿ ಲೆಕ್ಕಕ್ಕೆ ಬರುತ್ತದೆ. 25 ಡಿಗ್ರಿಯಲ್ಲಿ 2 ಬಾರಿಗೆ ತುಸು ಕಡಿಮೆ ಇರುವ ಲ್ಯಾಂಥನಂ-ನಿಕ್ಕಲ್ ಒತ್ತಡ 43 ಡಿಗ್ರಿಯಲ್ಲಿ ಮೂರೂವರೆ, ಬಿಸಿಲಲ್ಲಿ ಕಾದ ಶೆಡ್ಡಿನ 60ರಲ್ಲಿ ಆರೂವರೆ. ಯಾರೂ ಮುಟ್ಟದೆಯೇ ಮೂರು ಪಟ್ಟಿಗೂ ಮೇಲೆ. ತಣ್ಣನೆ ದೇಶದವರು ಆರಿಸಿದ ಮಿಶ್ರಲೋಹವನ್ನು ಹಾಗೇ ತಂದು ಬಳ್ಳಾರಿಯಲ್ಲಿ ಕೂರಿಸಬಾರದು. ನಿಕ್ಕಲಿನ ಒಂದಂಶ ತೆಗೆದು ಅಲ್ಯುಮಿನಿಯಂ ಸೇರಿಸಿದರೆ ಒತ್ತಡ ಇಳಿಯುತ್ತದೆ, ಹಿಡಿಯುವ ಪ್ರಮಾಣವೂ ಸ್ವಲ್ಪ ಇಳಿಯುತ್ತದೆ. ಆ ವಿನಿಮಯ ಮಾಡಿಕೊಳ್ಳುವುದೇ ಲೇಸು. ಶೆಡ್ಡಿಗೆ ತಗಡಿನ ಬದಲು ತಂಪಾದ ಚಾವಣಿ ಹಾಕುವುದು ಅದಕ್ಕಿಂತ ಅಗ್ಗ.

ಅನಿಲದ ಶುದ್ಧತೆಯಲ್ಲಿ ರಾಜಿ ಬೇಡ. ನೀರನ್ನು ಒಡೆಯುವ ಎಲೆಕ್ಟ್ರೊಲೈಸರಿನಿಂದ ಬಂದ ಹೈಡ್ರೋಜನ್ ಒದ್ದೆಯಾಗಿರುತ್ತದೆ, ಚೂರು ಆಕ್ಸಿಜನ್ನೂ ಇರುತ್ತದೆ. ಆಕ್ಸಿಜನ್ ತೆಗೆಯುವ ಕ್ಯಾಟಲಿಸ್ಟ್, ಆಮೇಲೆ ಡ್ರೈಯರ್ ದಾಟಿಸದೆ ಟ್ಯಾಂಕಿಗೆ ಬಿಡಬಾರದು. ಕಲ್ಲಿದ್ದಲಿನಿಂದ ಕೋಕ್ ಮಾಡುವಾಗ ಬರುವ ಕೋಕ್ ಓವನ್ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೈಡ್ರೋಜನ್ ಇದೆಯಲ್ಲ, ಅದನ್ನೇ ಕೊಟ್ಟರಾಗದೇ ಎಂದು ಉಕ್ಕಿನ ಊರಿನವರು ಕೇಳುವುದು ಸಹಜ. ಅದರಲ್ಲಿರುವ ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಲೋಹದ ಮೇಲ್ಮೈಗೆ ಕಚ್ಚಿಕೊಂಡು ಅಣು ಒಡೆಯುವ ಜಾಗಗಳನ್ನೇ ಮುಚ್ಚುತ್ತವೆ. ಪಾಲಿಮರ್ ಇದ್ದರೆ ಸಾವು ನಿಧಾನ, ಅಷ್ಟೇ.

500 ಮಿಲಿಗಿಂತ ದೊಡ್ಡ ಅನಿಲ ಸಿಲಿಂಡರ್ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತದೆ, ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪೆಸೊ ಸಂಸ್ಥೆಯ ಒಪ್ಪಿಗೆ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಕತ್ತರಿಸಿ ಮಾಡಿಕೊಳ್ಳುವ ಮಾಲಲ್ಲ. ಬೆಂಕಿ ಬಿದ್ದರೆ ನೀರಾಗಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಾಗಲಿ ಬಳಸಬಾರದು, ಮೆಗ್ನೀಸಿಯಂ ಎರಡರಲ್ಲೂ ಉರಿಯುತ್ತದೆ. ಒಣ ಮರಳು, ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ.

ಹಳೆಯ ಟ್ಯಾಂಕನ್ನು ತೆರೆಯುವುದು ಹಗೇವು ತೆರೆದ ಹಾಗೆಯೇ. ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ, ಆರುತ್ತದೋ ಇಲ್ಲವೋ ನೋಡಿ ಆಮೇಲೆ ಇಳಿಯುತ್ತಿದ್ದರು. ಇಲ್ಲಿ ಮೊದಲು 80 ಡಿಗ್ರಿಯಲ್ಲಿ ವ್ಯಾಕ್ಯೂಮ್ ಪಂಪು ಹಾಕಿ ಹೈಡ್ರೋಜನ್ ಪೂರ್ತಿ ತೆಗೆದು, ಆರ್ಗಾನ್ ತುಂಬಿ, ತಣ್ಣಗಾದ ಮೇಲೆ ಆರ್ಗಾನಿಗೆ ಶೇ 1 ಆಕ್ಸಿಜನ್ ಬೆರೆಸಿ ಹಾಯಿಸುತ್ತಾರೆ. ಹೊದಿಕೆ ಎಲ್ಲೆಲ್ಲಿ ಹರಿದಿದೆಯೋ ಅಲ್ಲಿ ಲೋಹ ಆಕ್ಸಿಜನ್ ಹಿಡಿದು ಪಾತ್ರೆಯ ಗೋಡೆ ಬೆಚ್ಚಗಾಗುತ್ತದೆ. ಗೋಡೆಗೆ ಅಂಟಿಸಿದ, ಉಷ್ಣತೆ ಅಳೆಯುವ ಥರ್ಮೋಕಪಲ್ 5 ಡಿಗ್ರಿ ಏರಿಕೆ ತೋರಿಸಿದರೆ ಹಾಯಿಸುವುದು ನಿಲ್ಲಿಸಿ, ಇಳಿದ ಮೇಲೆ ಮತ್ತೆ ಶುರು ಮಾಡುವುದು. ಏರುವುದು ಪೂರ್ತಿ ನಿಂತ ಮೇಲೆಯೇ ಗಾಳಿ, ಗಾಳಿಯ ನಂತರವೇ ಸ್ಪ್ಯಾನರು.